ಕಮಲಾಪುರದ ಕೆಂಪು ಬಾಳೆ, ಮಂಜೂರನ ಸೇಬು

ಸೇಬು ಕಂಡರೆ ಅಕ್ಬರಿ ಬೇಗಂಗೆ ಮೈಯೆಲ್ಲ ಉರಿಯುತ್ತಿತ್ತು. ಕಲಬುರಗಿಯ ಆಸ್ಪತ್ರೆಯೊಂದರ ಗೇಟಿನ ಮುಂದೆ ಹನ್ನೊಂದು ವರ್ಷದಿಂದ ಅವಳ ತಳ್ಳುಗಾಡಿ ನಿಂತಿದೆ. ಮಾರುವುದು ಕಮಲಾಪುರದ ಕೆಂಪು ಬಾಳೆ ಒಂದೇ. ಪಕ್ಕದಲ್ಲೇ ಮಂಜೂರನ ಸೇಬಿನ ಗಾಡಿ. ರೋಗಿಯನ್ನು ನೋಡಲು ಬರುವವರೆಲ್ಲ ನೆಟ್ಟಗೆ ಅವನ ಹತ್ತಿರವೇ ಹೋಗುವರು. ಸೇಬು ಒಯ್ದರೆ ಮರ್ಯಾದೆ, ಬಾಳೆ ಒಯ್ದರೆ ಬಡತನ ಎಂದು ಈ ಊರಿಗೆ ಯಾವ ಮಹಾನುಭಾವ ಕಲಿಸಿದನೋ!

ಮಗಳು ಬುಶ್ರಾ ಕಾಲೇಜಿನ ಪುಸ್ತಕ ನೋಡಿ ಒಂದು ಬೋರ್ಡು ಬರೆದುಕೊಟ್ಟಳು. ಶಕ್ತಿ ಬಾಳೆಯಲ್ಲೇ ಹೆಚ್ಚು, ಪೊಟ್ಯಾಶಿಯಂ ಅಂತೂ ಸೇಬಿನ ಮೂರು ಪಟ್ಟು. ಪೊಟ್ಯಾಶಿಯಂ ಎಂದರೇನೆಂದು ಅಕ್ಬರಿಗೆ ಗೊತ್ತಿರಲಿಲ್ಲ. ಮೂರು ಪಟ್ಟು ಎಂದರೇನೆಂದು ಚೆನ್ನಾಗಿ ಗೊತ್ತಿತ್ತು.

ಒಂದು ದಿನ ನಿವೃತ್ತ ಮಾಸ್ತರ ಪ್ರಹ್ಲಾದರಾಯರು ಸೇಬಿಗೆ ಕೈ ಹಾಕಿದ್ದರು. ಅವರ ಹೆಂಡತಿಗೆ ಕಿಡ್ನಿ ಕೆಟ್ಟು ಒಳಗೆ ಡಯಾಲಿಸಿಸ್ ನಡೆದಿತ್ತು. ಅಕ್ಬರಿ ತಡೆದಳು.

"ಬಾಳಿಹಣ್ಣು ಬ್ಯಾಡ ಅಂದಾಳ ನರ್ಸು, ತಂಗಿ," ಎಂದರು ರಾಯರು.

"ಅದು ಪೌಡರ್ ಹಾಕಿ ಹಣ್ಣು ಮಾಡಿದ ಹಳದಿ ಬಾಳಿಗಿ ಹೇಳಿದ್ದು ಮಾಸ್ತರ್ರೇ. ಇದು ಕಮಲಾಪುರದ್ದರೀ. ನಾನೇ ಹೋಗಿ ಗೊನಿ ಆರಿಸಿ ತಂದು ಹುಲ್ಲಿನ್ಯಾಗ ಅಡಿ ಹಾಕಿ ಹಣ್ಣು ಮಾಡೇನಿ. ದವಾ ಇದ್ದಂಗ. ಬೋರ್ಡ್ ಓದ್ರಿ."

ರಾಯರು ಓದಿದರು, ನಂಬಿದರು. ದಿನಕ್ಕೆರಡು ಹಣ್ಣು ಒಯ್ದರು. ಕೆಲವು ವಾರದ ಮೇಲೆ ಅವರು ಬರುವುದು ನಿಂತಿತು. ಕೊನೆಗೂ ಸೇಬಿಗೇ ಮರುಳಾದರು ಎಂದು ಅಕ್ಬರಿ ಬೈದುಕೊಂಡಳು.

ವರ್ಷ ತುಂಬುವುದರೊಳಗೆ ಅವಳ ಗಂಡ ಸಲಾವುದ್ದೀನನ ಕಾಲು ಬಾತವು. ಕಪನೂರದ ಬೇಳೆ ಮಿಲ್ಲಿನಲ್ಲಿ ಮೂಟೆ ಹೊತ್ತ ಗಟ್ಟಿ ಆಳು, ಎರಡೂ ಕಿಡ್ನಿ ಕೈಕೊಟ್ಟಿದ್ದವು. ನರ್ಸು ಅವಳಿಗೂ ಅದೇ ಮಾತು ಹೇಳಿದಳು, ಬಾಳೆಹಣ್ಣು ಬೇಡ. ಅಕ್ಬರಿ ತಲೆಯಾಡಿಸಿದಳು. ಶಹಾಬಜಾರದ ತಮ್ಮ ಮನೆಯೊಳಗೆ ಹಳದಿ ಬಾಳೆಯನ್ನು ಕಾಲಿಡಗೊಡಲಿಲ್ಲ. ದಿನಾ ಬೆಳಿಗ್ಗೆ ಎರಡು ಕೆಂಪು ಹಣ್ಣು ಸುಲಿದು, ಗಂಡ ಸಾಕೆಂದರೂ ಬಿಡದೆ, ತನ್ನ ಕೈಯಾರೆ ತಿನ್ನಿಸಿದಳು.

ಹತ್ತನೆಯ ದಿನ ಸಲಾವುದ್ದೀನ್ ಎದೆ ಹಿಡಿದುಕೊಂಡು ಕುಸಿದ.

"ಕೆಂಪಿದ್ರೇನು, ಹಳದಿ ಇದ್ರೇನು? ಬಾಳಿ ಬಾಳೀನೇ ಅಲ್ಲೇನವಾ?" ಡಾಕ್ಟರು ಗದರಿದರು. "ಕೆಟ್ಟ ಕಿಡ್ನಿ ಪೊಟ್ಯಾಶಿಯಂ ಹೊರಗ ಹಾಕಂಗಿಲ್ಲ. ರಕ್ತದಾಗ ಅದು ಏರಿದ್ರ ಎದಿಬಡಿತಾನೇ ನಿಲ್ತದ. ಒಂದು ಸೇಬು ಕೊಟ್ಟಿದ್ರ ಸಾಕಿತ್ತಲ್ಲ!"

ಸಲಾವುದ್ದೀನ್ ಉಳಿದ. ಅಕ್ಬರಿ ಮಂಜೂರನ ಗಾಡಿಯ ಮುಂದೆ ಹೋಗಿ ನಿಂತಳು. ಅವನು ನಕ್ಕುಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಗಲಿಲ್ಲ, ಒಂದು ಸೇಬು ಒರೆಸಿ ಕೈಗಿಟ್ಟ. ಅವಳು ಆವತ್ತೇ ಬೋರ್ಡನ್ನು ಮುರಿದು ಒಲೆಗೆ ಹಾಕಿದಳು.

ತಿಂಗಳ ನಂತರ ಪ್ರಹ್ಲಾದರಾಯರು ಬಂದರು. ಅರ್ಧಕ್ಕರ್ಧ ಇಳಿದುಹೋಗಿದ್ದರು.

"ಒಂದು ಡಜನ್ ಕೊಡು ತಂಗಿ. ನಾಳೆ ನಮ್ಮನಿಯಾಕಿ ವರ್ಷಾಂತಿಕ ಅದ. ಕಡೀ ದಿನಾನೂ ನಿನ್ನ ಹಣ್ಣೇ ತಿಂದಳು ನೋಡು. ಮತ್ತೇನೂ ಸೇರ್ತಿರಲಿಲ್ಲ ಆಕಿಗಿ. ನಿನ್ನ ಉಪಕಾರ ಮರಿಯಂಗಿಲ್ಲ."

ಹೇಳಿಬಿಡಬೇಕೆಂದು ಅಕ್ಬರಿ ಬಾಯಿ ತೆರೆದಳು. ರಾಯರು ಚೀಲ ಹಿಡಿದು ನಿಂತಿದ್ದರು. ಅವಳು ಚೆನ್ನಾಗಿ ಮಾಗಿದ ಹನ್ನೆರಡು ಹಣ್ಣು ಆರಿಸಿ ಅದರೊಳಗೆ ಹಾಕಿದಳು.