ಉಮ್ಮ ಬರೆದ ಅಳಿವೆ

ಬಂದರಿನಲ್ಲಿ ನಮ್ಮದು ಪೈಂಟಿನ ಅಂಗಡಿ. ಬಾಪನಿಗೆ ಮಂಡಿನೋವು ಶುರುವಾದ ಮೇಲೆ ಕೌಂಟರಿನಲ್ಲಿ ಕೂರುವುದು ನಾನು. ಗಿರಾಕಿಗಳು ಕಾರ್ಡು ನೋಡಿ ಬಣ್ಣ ಆರಿಸುತ್ತಾರೆ, ನಾವು ಮೆಷಿನಿನಲ್ಲಿ ಕಲಸಿ ಕೊಡುತ್ತೇವೆ, ಮರುದಿನ ಡಬ್ಬ ವಾಪಸ್. "ಕಾರ್ಡಿನಲ್ಲಿ ನೋಡಿದ್ದೇ ಬೇರೆ, ಗೋಡೆಗೆ ಬಂದದ್ದೇ ಬೇರೆ ಮಾರಾಯ್ರೆ!" ಹಾಗೆ ಕಲಸಿದ ಬಣ್ಣ ಇನ್ನೊಬ್ಬರಿಗೆ ಹೋಗುವುದಿಲ್ಲ. ನನಗೆ ಮೈಯೆಲ್ಲ ಉರಿಯುತ್ತದೆ. ಉಮ್ಮನಿಗೆ ಮಾತ್ರ ಅದೇ ಹಬ್ಬ. ಆ ಡಬ್ಬಗಳೆಲ್ಲ ಮನೆಯ ಹಿಂದಿನ ಜಗಲಿಗೆ ಹೋಗುತ್ತವೆ, ಅಲ್ಲಿ ಅವಳು ಪ್ಲೈವುಡ್ಡಿನ ಮೇಲೆ ಚಿತ್ರ ಬರೆಯುತ್ತಾಳೆ.

ಯಾರೂ ಕಲಿಸಿದ್ದಲ್ಲ. ಮಕ್ಕಳೆಲ್ಲ ದೊಡ್ಡವರಾದ ಮೇಲೆ ತಾನೇ ಶುರುಮಾಡಿದ್ದು. ಗುಡ್ಡ, ಮೋಡ, ಜಲಪಾತ, ಕಡಲು ಇಷ್ಟೇ. ಮನುಷ್ಯರಿಲ್ಲ, ದನವಿಲ್ಲ, ಒಂದು ಕಾಗೆಯೂ ಇಲ್ಲ. ಜೀವ ಇರುವುದರ ಚಿತ್ರ ಗೋಡೆಗೆ ಹಾಕುವ ಕ್ರಮ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇಲ್ಲ. ಆದರೆ ಉಮ್ಮನಿಗೆ ಯಾರೂ ಬೇಡವೆಂದು ಹೇಳಿದ್ದಿಲ್ಲ. ಕೇಳಿದರೆ, "ಜೀವ ಕೊಡ್ಲಿಕ್ಕೆ ನನಗೆ ಆಗ್ತದಾ? ಮತ್ತೆ ಕಣ್ಣು ಮೂಗು ಯಾಕೆ ಬರೀಬೇಕು?" ಎನ್ನುತ್ತಾಳೆ.

ಒಂದು ವರ್ಷ ಅವಳ ತಲೆಗೆ ಹೊಕ್ಕದ್ದು ಅಳಿವೆ. ಮಳೆ ಹಿಡಿದ ಹೊಸತರಲ್ಲಿ ನೇತ್ರಾವತಿ ಕೆಂಪು ಮಣ್ಣು ಹೊತ್ತು ಬಂದು ಕಡಲಿಗೆ ಸೇರುವುದನ್ನು ನೋಡಬೇಕು. ಕಡಲು ಅಷ್ಟು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಈಚೆ ಕೆಂಪು, ಆಚೆ ಹಸಿರು, ನಡುವೆ ಉದ್ದಕ್ಕೆ ನೊರೆಯ ಗೆರೆ. ನಾವೆಲ್ಲ ಹುಟ್ಟಿದಾಗಿನಿಂದ ನೋಡಿದ್ದೇ, ನೋಡಿ ಮೀನು ತೆಗೆದುಕೊಂಡು ಮನೆಗೆ ಬಂದದ್ದೇ. ಉಮ್ಮ ಹಾಗಲ್ಲ. ಮಳೆ ಸ್ವಲ್ಪ ಬಿಟ್ಟರೆ ಸಾಕು, ನನ್ನನ್ನು ಎಳೆದುಕೊಂಡು ದೋಣಿಯಲ್ಲಿ ನದಿಯಾಚೆಯ ಬೆಂಗ್ರೆಗೆ ದಾಟುತ್ತಿದ್ದಳು. ಕೈಚೀಲದ ತುಂಬ ಪೈಂಟ್ ಡಬ್ಬದ ಮುಚ್ಚಳಗಳು. ಮರಳದಿಣ್ಣೆಯ ತುದಿಯಲ್ಲಿ ನಿಂತು ಒಂದೊಂದೇ ಮುಚ್ಚಳವನ್ನು ನೀರಿನ ಎದುರು ಹಿಡಿದು, ಒಂದು ಕಣ್ಣು ಮುಚ್ಚಿ ತಾಳೆ ನೋಡುವುದು. ಬಲೆ ಸರಿಮಾಡುತ್ತಿದ್ದವರೆಲ್ಲ ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ನಾಚಿಕೆಯಿಂದ ನನಗೆ ಸಾಕುಸಾಕಾಗುತ್ತಿತ್ತು.

ಚಿತ್ರ ಮುಗಿದಾಗ ಮಾತ್ರ ನಾನು ಅಂಗಡಿ ತೆರೆಯುವುದನ್ನೂ ಮರೆತು ಅದರ ಎದುರು ನಿಂತೆ. ಯಾರದೋ ಮಲಗುವ ಕೋಣೆಗೆ ಒಗ್ಗದ ಇಟ್ಟಿಗೆ ಬಣ್ಣ, ಇನ್ಯಾರೋ ಛೀ ಎಂದು ತಂದೆಸೆದ ಪಾಚಿ ಹಸಿರು, ಎರಡೂ ಅಲ್ಲಿ ತಳ್ಳಾಡುತ್ತಿದ್ದವು. ಆ ನೀರಿನ ತಂಪು ಕೂಡ ಬಂದಿತ್ತು. ನನ್ನನ್ನು ಹೆತ್ತವಳು ಇದನ್ನು ಮಾಡಿದಳಲ್ಲ ಎಂದು ಹೆಮ್ಮೆಯಾಯಿತು. ಜಗಲಿ ಸೋರುತ್ತಿತ್ತೆಂದು ಒಣಗಲು ಅಂಗಡಿಯ ಗೋದಾಮಿಗೆ ತಂದಿಟ್ಟೆವು.

ಕುವೈತಿನಿಂದ ವಾಪಸ್ ಬಂದು ಕೊಟ್ಟಾರದಲ್ಲಿ ಮೀನೂಟದ ಹೋಟೆಲು ತೆರೆಯಲಿದ್ದ ಕ್ರಿಶ್ಚಿಯನ್ ಗೃಹಸ್ಥರೊಬ್ಬರು ಪೈಂಟ್ ಕೊಳ್ಳಲು ಬಂದವರು ಅದನ್ನು ಕಂಡರು, ಆಗ ಉಮ್ಮನೂ ಅಲ್ಲೇ ಇದ್ದಳು. "ಇದು ನನ್ನ ಹೋಟೆಲಿಗೆ ಬೇಕು," ಎಂದರು. ಮತ್ತೆ ಸ್ವಲ್ಪ ದೂರ ನಿಂತು ನೋಡಿ, "ಆದ್ರೆ ಖಾಲಿ ಖಾಲಿ ಕಾಣ್ತದೆ ಅಮ್ಮ. ಒಂದು ದೋಣಿ, ಅದರಲ್ಲಿ ಇಬ್ಬರು ಮೀನುಗಾರರನ್ನು ಹಾಕಿ ಕೊಡಿ, ನಾಲ್ಕು ಕೊಕ್ಕರೆ."

ಉಮ್ಮ ಆಗುವುದಿಲ್ಲ ಎಂದಳು. ಅವರು ಹೋದದ್ದೇ ನಾನು ಹಾರಾಡಿದೆ. "ದೂರದ ಮನುಷ್ಯ ಅಂದ್ರೆ ಒಂದು ಚುಕ್ಕೆ ಉಮ್ಮ! ಎರಡು ಚುಕ್ಕೆ ಇಟ್ಟರೆ ಎಂತ ಆಗ್ತದೆ?"

"ಅದು ಚುಕ್ಕೆ ಅಲ್ಲ ಅಂತ ನಿನಗೂ ಗೊತ್ತುಂಟು, ನನಗೂ ಗೊತ್ತುಂಟು."

"ಹಾಗಾದ್ರೆ ಬೇಡ, ಮನೆಯಲ್ಲೇ ಇರಲಿ."

ಆಗ ಉಮ್ಮ ಅದುವರೆಗೆ ಆಡದ ಮಾತು ಆಡಿದಳು. "ಮನೆಗೆ ಬಂದವರೆಲ್ಲ ಮಾಷಾ ಅಲ್ಲಾಹ್ ಅಂತಾರೆ. ನನ್ನ ಚಾ ಕುಡಿದು ಮತ್ತೆ ಬೇರೆ ಎಂತ ಹೇಳ್ತಾರೆ? ನನ್ನ ಗುರ್ತ ಇಲ್ಲದವರು ನೋಡಬೇಕು. ಒಮ್ಮೆ ಸಾಕು." ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ವಾರ ಕಳೆದು ಹೋಟೆಲಿನವರ ಫೋನು ಬಂತು. ಚಿತ್ರ ಹಾಗೆಯೇ ಕಳಿಸಿ, ಜನರನ್ನು ನಮ್ಮ ಬೋರ್ಡ್ ಬರೆಯುವವನಿಂದ ಹಾಕಿಸಿಕೊಳ್ಳುತ್ತೇವೆ ಎಂದರು. ಹೋಗಿ ಉಮ್ಮನಿಗೆ ಹೇಳಿದೆ. ಉಮ್ಮ ಗೋದಾಮಿಗೆ ಬಂದು ಚಿತ್ರದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. "ಅವರ ಗೋಡೆ. ನನ್ನ ಕೈಯಿಂದ ಆಗದಿದ್ರೆ ಸಾಕು. ಕಳಿಸು," ಎಂದಳು. ರಿಕ್ಷಾ ಟೆಂಪೋಗೆ ಹತ್ತಿಸುವಾಗ ಮಾತ್ರ ಅವಳು ಹೊರಗೆ ಬರಲಿಲ್ಲ.

ಹೋಟೆಲು ಶುರುವಾದ ದಿನ ಮಧ್ಯಾಹ್ನ ಊಟಕ್ಕೆ ಕರೆದಿದ್ದರು. ಮೆಟ್ಟಿಲು ಹತ್ತುವಾಗಲೇ ಉಮ್ಮ ನನ್ನ ತೋಳು ಹಿಡಿದುಕೊಂಡಳು. ನಾನೇ ಮೊದಲು ನೋಡಿದೆ. ಅಳಿವೆ ಇಡೀ ಗೋಡೆಯನ್ನು ಆಳುತ್ತಿತ್ತು. ಜನ ಇರಲಿಲ್ಲ. ಕೊಕ್ಕರೆಯೂ ಇಲ್ಲ!

ಹೋಟೆಲಿನವರು ನಮ್ಮನ್ನು ಕಂಡು ಓಡಿ ಬಂದರು. "ಪೈಂಟರ್ ಸ್ಟೂಲು ಹತ್ತಿಯೂ ಆಗಿತ್ತು ಅಮ್ಮ. ಎಲ್ಲಿ ಹಾಕ್ಬೇಕು ಅಂತ ಕೇಳಿದ. ನಾನು ಜಾಗ ನೋಡ್ತೇನೆ, ನೋಡ್ತೇನೆ, ಎಲ್ಲಿ ತೋರಿಸ್ಲಿ? ಕುವೈತಿನಲ್ಲಿ ಅಷ್ಟು ವರ್ಷ ನಾನು ಮನಸ್ಸಿನಲ್ಲಿ ಹೋಗಿ ನಿಲ್ತಾ ಇದ್ದ ಜಾಗ ಅದು. ಅಲ್ಲಿ ಬೇರೆಯವರನ್ನು ನಿಲ್ಲಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಚಿತ್ರ ಚೆನ್ನಾಗಿ ಕಾಣುವ ಕುರ್ಚಿ ಅವರು ತೋರಿಸಿದರೆ ಉಮ್ಮ ಬೇಡವೆಂದು, ಚಿತ್ರಕ್ಕೆ ಬೆನ್ನು ಹಾಕಿ ಕೂತಳು. ಇದೆಂತ ಕತೆಯಪ್ಪ ಎಂದುಕೊಂಡೆ. ಆಮೇಲೆ ತಿಳಿಯಿತು. ಎದುರಿನ ಮೇಜಿನಲ್ಲಿ ಒಬ್ಬ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ತಲೆ ಎತ್ತಿದ. ಅವನ ಪಕ್ಕದ ಹೆಂಗಸು ಮಗುವಿಗೆ ತುತ್ತು ಕೊಡುವುದನ್ನು ಮರೆತು ಹಾಗೇ ನೋಡುತ್ತಾ ಉಳಿದಳು. ಉಮ್ಮನ ಮುಂದೆ ಬಂಗುಡೆ ಮೀನು ಆರುತ್ತಿತ್ತು. ಒಂದು ದಿನವೂ ಮುಖ ಬರೆಯದ ನನ್ನ ಉಮ್ಮ, ಗುರುತಿಲ್ಲದ ಆ ಮುಖಗಳನ್ನು ಒಂದೊಂದಾಗಿ, ಕಣ್ಣು ತುಂಬಿಕೊಂಡು ನೋಡುತ್ತಿದ್ದಳು.