ಕೌದಿಯ ಮೇಲಿನ ಪದ

ನಾನಿನ್ನೂ ಚಿಕ್ಕವಳು, ಮೂರನೇ ಇಯತ್ತೆ. ದೇಶದಲ್ಲಿ ತುರ್ತು ಪರಿಸ್ಥಿತಿ ಹೇರಿದ್ದರು. ಅದರಲ್ಲಿ ನನಗೆ ತಿಳಿದದ್ದು ಇಷ್ಟೇ: ಮಮದಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆತನಕ ಒಬ್ಬ ಪೊಲೀಸ ಕೂತಿರುತ್ತಿದ್ದ, ಮತ್ತು ನಮ್ಮ ಅಪ್ಪ ಹಾಡುವಂತಿರಲಿಲ್ಲ.

ಅಪ್ಪ ಪದ ಕಟ್ಟಿ ಹಾಡುವವನು. ಸಪ್ಪಳಕ್ಕೆ ಹೆದರುವ ರಾಜನ ಮೇಲೆ ಒಂದು ಪದ ಕಟ್ಟಿ, ಬಬಲೇಶ್ವರದ ಸಂತೆಯಲ್ಲಿ ದಪ್ಪು ಬಡಿದು ಹಾಡಿಬಿಟ್ಟಿದ್ದ. ಆ ರಾಜ ಮೊದಲು ಕೋಳಿಯ ಕೂಗು ನಿಲ್ಲಿಸುತ್ತಾನೆ, ಆಮೇಲೆ ಎತ್ತಿನ ಕೊರಳ ಗಂಟೆ ಬಿಚ್ಚಿಸುತ್ತಾನೆ, ಕೊನೆಗೆ ಬೀಸುವ ಕಲ್ಲನ್ನೂ ಕಟ್ಟಿಹಾಕಿಸುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ಮೂರನೇ ದಿನ ಪೊಲೀಸರು ಬಂದು, ಪದ ಬರೆದ ವಹಿ, ದಪ್ಪು ಎರಡನ್ನೂ ಒಯ್ದರು. ಇನ್ನೊಮ್ಮೆ ಹಾಡಿದರೆ ಜೇಲು ಅಂದರು.

ಆಮೇಲೆ ಮನೆಯೇ ಜೇಲಾಯಿತು. ಹಗಲಲ್ಲೂ ಕದ ಅರ್ಧ ಮುಚ್ಚಿರುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳವೂ ಹೊರಗೆ ಹೋಗದಿರಲಿ ಅನ್ನಿಸುತ್ತಿತ್ತು. ಅಪ್ಪ ಕಂಬಕ್ಕೆ ಒರಗಿ ಒಂದೇ ಮಾತು ಅನ್ನುತ್ತಿದ್ದ: "ವಹಿ ಹೋತು. ಈಗ ಪದಾನೂ ಮರತು ಹೊಂಟೈತಿ." ಹಾಡದೆ ಬಿಟ್ಟ ಪದ ನಾಲಿಗೆಯ ಮೇಲೆ ಉಳಿಯುವುದಿಲ್ಲ, ಮಕ್ಕಳೇ. ಅಪ್ಪನ ಮುಖ ನೋಡಿ ನನಗೆ ಅಳು ಬರುತ್ತಿತ್ತು.

ಆಗ ಅಕ್ಕ ಹಳೇ ಸೀರೆಗಳ ಗಂಟು ಬಿಚ್ಚಿ ಕೌದಿ ಹೊಲಿಯಲು ಕೂತಳು. ಕೆಂಪು ಅರಿವೆಯ ಕೋಳಿ, ಹಳದಿಯ ಗಂಟೆ, ಕರಿಯ ಬೀಸುವ ಕಲ್ಲು. ಒಂದೊಂದು ನುಡಿಗೆ ಒಂದೊಂದು ಚಿತ್ರ. ಅಪ್ಪ ಪಿಸುಗುಟ್ಟುತ್ತಿದ್ದ, ಅವಳು ಹೊಲಿಯುತ್ತಿದ್ದಳು.

ಕೌದಿ ಮುಗಿದ ದಿನ ಪೊಲೀಸ ಒಳಗೇ ಬಂದ.

"ಏನಬೇ ಇದು?"

"ಕೌದಿರಿ. ಥಂಡಿ ಬಂತಲ್ರಿ," ಅಂದಳು ಅಕ್ಕ, ತಲೆ ಎತ್ತದೆ.

ಅವನು ಕೌದಿಯನ್ನು ಸುತ್ತ ಒತ್ತಿ ನೋಡಿದ. ಒಂದು ಮೂಲೆ ಗಟ್ಟಿಯಾಗಿತ್ತು. "ಚೀಟಿ ಮುಚ್ಚಿಟ್ಟೀಯೇನು?" ಅಂತ ಹೊಲಿಗೆ ಹರಿದೇಬಿಟ್ಟ. ಒಳಗಿಂದ ಒಣರೊಟ್ಟಿಯ ಚೂರು ಬಿತ್ತು. ಕೌದಿ ಉಪವಾಸ ಇರಬಾರದೆಂದು ನಮ್ಮ ಮನೆಯಲ್ಲಿ ಕೊನೆಯ ಮೂಲೆಯೊಳಗೆ ರೊಟ್ಟಿ ಇಟ್ಟು ಹೊಲಿಯುತ್ತಿದ್ದರು.

ಅವನ ಮುಖ ಸಣ್ಣದಾಯಿತು. "ತಪ್ಪಾತು ತಂಗಿ. ನಮ್ಮವ್ವಾನೂ ಹಿಂಗ ಇಡತಿದ್ದಳು," ಅಂದು ಹೊರಗೆ ಹೋದ. ಅವನು ಹುಡುಕಿದ ಪದ ಪೂರ್ತಿ ಅವನ ಕಣ್ಣೆದುರೇ ಹಾಸಿತ್ತು. ನಗಲಿಕ್ಕೂ ನಮಗೆ ಧೈರ್ಯವಿರಲಿಲ್ಲ.

ಕಾಲ ತಿರುಗಿ ತುರ್ತು ಪರಿಸ್ಥಿತಿ ಮುಗಿದ ಮೇಲೂ ವಹಿ ವಾಪಸು ಬರಲಿಲ್ಲ. ಆದರೆ ಅಪ್ಪ ಕೌದಿಯ ಮೇಲೆ ಬೆರಳಾಡಿಸುತ್ತ ಒಂದು ನುಡಿಯೂ ತಪ್ಪದೆ ಹಾಡಿದ.

ನೀವು ಮೊಮ್ಮಕ್ಕಳು ಈಗ ವಿಜಯಪುರದಲ್ಲಿದ್ದೀರಿ. ಫೋನಿನಲ್ಲಿ ಬೇಕಾದಷ್ಟು ಹಾಡು, ಚಿತ್ರ. ಕಟ್ಟೆಯ ಮೇಲೆ ಪೊಲೀಸನೂ ಇಲ್ಲ. ಆದರೂ ನಿನ್ನೆ ನಿಮ್ಮಲ್ಲೊಬ್ಬಳು, ಅಧಿಕಾರದಲ್ಲಿರುವ ದೊಡ್ಡವರ ಮೇಲೆ ತಾನೇ ಬರೆದ ನಗೆಚಿತ್ರವನ್ನು ಅಳಿಸಲು ಕೂತಿದ್ದಳು. "ಯಾರರೆ ಏನರೆ ಅಂದಾರು ಆಯಿ, ಅಂಜಿಕಿ ಬರತೈತಿ," ಅಂದಳು.

ನಾನು ಟ್ರಂಕಿನಿಂದ ಆ ಕೌದಿ ತೆಗೆದು ಹಾಸಿದೆ. ಹರಿದ ಮೂಲೆಯನ್ನು ಅಕ್ಕ ಮತ್ತೆ ಹೊಲಿದಿರಲಿಲ್ಲ. ಸೂಜಿ ಪೋಣಿಸಿ ಹುಡುಗಿಯ ಕೈಗೆ ಕೊಟ್ಟೆ.

"ಅಳಸೂದಾದ್ರ ಅಳಸು, ನನ್ನವ್ವಾ. ಮೊದಲ ಆ ಚಿತ್ರಾನ ಇಲ್ಲಿ ಹೊಲಿ."