ನೆಡ್ರಾಳ ಕೈಗೆ ಒಂದು ರಿವಾಲ್ವರ್

ಅಲಾಸ್ಕಾದ ಕೀನಾಯ್ ನದಿಯ ದಂಡೆಯಲ್ಲಿ ನೆಡ್ರಾ ಹಾಲ್ವರ್ಸನ್ ಬೇಸಿಗೆಯುದ್ದಕ್ಕೂ ಬೇರೆಯವರು ಹಿಡಿದ ಮೀನನ್ನು ಕುಯ್ದು ಕೊಡುತ್ತಾಳೆ. ಎಲ್ಲೆಲ್ಲಿಂದಲೋ ಬಂದವರು ಸಾಲ್ಮನ್ ಹಿಡಿದು, ಫೋಟೊ ತೆಗೆಸಿಕೊಂಡು, ಲೋಳೆ ಮುಟ್ಟಲಾರದೆ ಮುಖ ಕಿವುಚಿಕೊಂಡು ಅವಳ ಮೇಜಿನ ಮೇಲೆ ಒಗೆಯುತ್ತಾರೆ. ಅವಳ ಬಲಗೈಯಲ್ಲಿ ಚೂರಿ ಆಡಿತೆಂದರೆ ಮುಳ್ಳು ಒಂದು ಕಡೆ, ಮಾಂಸ ಒಂದು ಕಡೆ. ಜುಲೈನಲ್ಲಿ ಮೀನಿನ ದೊಡ್ಡ ಹಿಂಡು ಬಂದಾಗ ಆ ಕೈ ದುಡಿದದ್ದೇ ವರ್ಷದ ಊಟ. ಗಂಡ ಎಲ್ಡನ್ ಸತ್ತ ಮೇಲೆ ಮನೆಗೆ ಬೇರೆ ದುಡಿಮೆ ಇಲ್ಲ.

ಈ ಜೂನ್‌ನಲ್ಲಿ, ಮೇಜಿನಿಂದ ತನ್ನ ಟ್ರಕ್ಕಿನವರೆಗೆ ಪೊದೆಗಳ ನಡುವೆ ಹೋಗುವ ಕಾಲುದಾರಿಯಲ್ಲಿ ಕಂದು ಕರಡಿಯೊಂದು ಅವಳಿಗೆ ಎದುರಾಗತೊಡಗಿತು. ಮೊದಲ ಸಲ ತಾನಾಗಿಯೇ ಪಕ್ಕಕ್ಕೆ ಸರಿಯಿತು. ಮುಂದಿನ ಸಲ ನಿಂತು ಹಲ್ಲು ಕಟಕಟಿಸಿತು. ನೆಡ್ರಾ ಕರಡಿಗೆಂದು ಇಟ್ಟುಕೊಂಡಿದ್ದ ಖಾರ ಚಿಮ್ಮುವ ಸ್ಪ್ರೇ ಡಬ್ಬಿ ಒತ್ತಿದಳು. ಎದುರುಗಾಳಿಗೆ ಖಾರವೆಲ್ಲ ಅವಳ ಕಣ್ಣಿಗೇ ಬಂತು. ಕರಡಿಗೆ ಏನನ್ನಿಸಿತೋ, ಹೋಯಿತು. ದಾರಿ ಬಿಡುವ ಹಾಗಿಲ್ಲ, ಕೆಲಸ ಬಿಡುವ ಹಾಗಂತೂ ಇಲ್ಲ. ಸೊಂಟಕ್ಕೊಂದು ರಿವಾಲ್ವರ್ ಕಟ್ಟಿಕೊಳ್ಳೋಣವೆಂದು ಬಾಯ್ಡ್‌ನ ಬಂದೂಕಿನ ಅಂಗಡಿಗೆ ಹೋದಳು. ಅದೇ ಅವಳು ಮಾಡಿದ ತಪ್ಪು.

ಅಲ್ಲಿ ಕಾಫಿ ಕುಡಿಯುತ್ತ ಕೂತಿದ್ದವರು ಇಬ್ಬರು. ಒಬ್ಬ ಅವಳ ಮೈದುನ ರಾಯ್ಸ್. ಇನ್ನೊಬ್ಬ ಗಾರ್ತ್, ಒಂದು ಕಾಲದಲ್ಲಿ ಶ್ರೀಮಂತರನ್ನು ಬೇಟೆಗೆ ಕರೆದೊಯ್ಯುತ್ತಿದ್ದವನು. ಬಿಟ್ಟಿ ಕಾಫಿ ಇರುವ ತನಕ ಇಬ್ಬರೂ ಏಳುವವರಲ್ಲ.

"ನಲವತ್ನಾಲ್ಕು ಮ್ಯಾಗ್ನಂ ತಗೋ, ಸಾಕು," ಎಂದು ಬಾಯ್ಡ್ ಗುಂಡಿನ ಅಳತೆ ಹೇಳಿದ. "ನಮ್ಮಪ್ಪ ಅದನ್ನೇ ಇಟ್ಕೊಂಡು ತೊಂಬತ್ತು ವರ್ಷ ಬದುಕ್ದ."

"ನಿಮ್ಮಪ್ಪ ಮನೆಯಿಂದ ಆಚೆ ಬಂದಿದ್ರೆ ತಾನೇ ಸಾಯೋದು!" ಎಂದ ಗಾರ್ತ್. "ನಾನೂರ ಐವತ್ನಾಲ್ಕರದ್ದು ಕೊಡಯ್ಯ ಅವಳಿಗೆ."

"ಅದೆಲ್ಲ ಅಳಿಲು ಹೊಡೆಯೋಕೆ," ಎಂದ ರಾಯ್ಸ್. "ನಂದು ಐನೂರು. ಗುಂಡು ನೋಡಿದ್ದೀಯಾ, ಹೆಬ್ಬೆರಳು ಇದ್ದಂಗಿದೆ."

"ಕೈಯೆಲ್ಲ ಮೀನಿನ ಲೋಳೆ ಇರುತ್ತೆ," ಎಂದಳು ನೆಡ್ರಾ. "ಹಿಡಿ ಜಾರಲ್ವಾ?"

ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಗುಂಡಿನ ತೂಕ, ವೇಗ, ಕರಡಿಯ ತಲೆಬುರುಡೆಯ ದಪ್ಪ ಎಂದು ಮೂವರೂ ಗಂಟಲು ಹರಿದುಕೊಂಡರು. ಮೂವರಲ್ಲಿ ಒಬ್ಬನೂ ಮೈಮೇಲೆ ಬಂದ ಕರಡಿಗೆ ಗುಂಡು ಹೊಡೆದವನಲ್ಲ. ಕೊನೆಗೆ ಗಾರ್ತ್ ಆ ಹಳಸಲು ಜೋಕನ್ನು ತೆಗೆದ.

"ಸಣ್ಣದ್ದೇ ತಗೋತೀಯಾದ್ರೆ, ನಳಿಗೆ ತುದೀಲಿ ಗುರಿ ನೋಡೋಕೆ ಇರೋ ಮೊಳೆ ಉಜ್ಜಿ ನುಣ್ಣಗೆ ಮಾಡಿಸ್ಕೋ. ಕರಡಿ ಅದನ್ನ ಕಿತ್ಕೊಂಡು ನಿನ್ನ ಹಿಂದಕ್ಕೆ ತುರುಕಿದಾಗ ನೋವಾಗಲ್ಲ!"

ಮದುವೆಯಾಗಿ ಈ ಊರಿಗೆ ಬಂದ ದಿನದಿಂದ ನೆಡ್ರಾ ಈ ಜೋಕನ್ನು ಕೇಳುತ್ತ ಬಂದಿದ್ದಳು. ಇವತ್ತೇ ಹುಟ್ಟಿದ ಮಾತೆಂಬಂತೆ ಮೂವರೂ ತೊಡೆ ತಟ್ಟಿಕೊಂಡು ನಕ್ಕರು.

ಹೊಡೆದು ನೋಡದೆ ಕೊಳ್ಳಬಾರದೆಂಬ ಒಂದು ಮಾತಿಗೆ ಮೂವರೂ ಒಪ್ಪಿದರು. ಮಧ್ಯಾಹ್ನ ರಾಯ್ಸ್ ಮತ್ತು ಗಾರ್ತ್ ಅವಳನ್ನು ಊರಾಚೆಯ ಜಲ್ಲಿಗುಂಡಿಗೆ ಕರೆದೊಯ್ದರು. ಊರಿನವರೆಲ್ಲ ಗುರಿ ಹೊಡೆಯುವುದು ಅಲ್ಲೇ. ಹೊಸಬರ ಕೈಗೆ ಎಲ್ಲಕ್ಕಿಂತ ದೊಡ್ಡದನ್ನು ಕೊಟ್ಟು ಮೋಜು ನೋಡುವುದೂ ಅಲ್ಲೇ.

"ಮೊದ್ಲು ಸಣ್ಣದ್ದು ಕೊಡು," ಎಂದಳು.

"ಸಣ್ಣದ್ದು ಅಭ್ಯಾಸ ಆದ್ರೆ ದೊಡ್ಡದಕ್ಕೆ ಹೆದರ್ತೀಯ. ಎಲ್ಡನ್ ಇದ್ದಿದ್ರೆ ಇದನ್ನೇ ಕೊಡ್ತಿದ್ದ," ಎಂದು ರಾಯ್ಸ್ ತನ್ನ ಐನೂರನ್ನು ಅವಳ ಕೈಗಿಟ್ಟ.

ಸತ್ತವನನ್ನು ಸಾಕ್ಷಿಗೆ ಕರೆದರೆ ಪಾಟೀಸವಾಲು ಹಾಕಲಾದೀತೇ? ಗಾರ್ತ್ ವಿಡಿಯೊ ತೆಗೆಯಲು ಫೋನು ಎತ್ತಿ ಹಿಡಿದದ್ದು ಅವಳಿಗೆ ಕಂಡಿತು. ಆಗಲೇ ರಿವಾಲ್ವರ್ ಕೆಳಗಿಡಬೇಕಿತ್ತು. ಒಂದು ಗುಂಡು ಹೊಡೆದರೆ ಇವರ ಬಾಯಿ ಮುಚ್ಚುತ್ತದಲ್ಲ ಎಂದುಕೊಂಡು ಟ್ರಿಗರ್ ಒತ್ತಿದಳು.

ಸದ್ದು ಕೇಳಿಸಿದ್ದು ಆಮೇಲೆ; ಮೊದಲು ಬಲಗೈಯ ಮಣಿಕಟ್ಟಿನೊಳಗೆ ಏನೋ ಲಟಕ್ಕೆಂದಿತು. ರಿವಾಲ್ವರ್ ತಲೆಯ ಮೇಲಿಂದ ಹಾರಿ ಹಿಂದೆ ಜಲ್ಲಿಯ ಮೇಲೆ ಬಿತ್ತು. ನೆಡ್ರಾ ಕೈ ಅವುಚಿಕೊಂಡು ಕುಸಿದಳು. ಗಂಡಸರಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಕೈ ಊದಿಕೊಳ್ಳುವುದನ್ನು ಕಂಡ ಮೇಲೆ ನಗು ನಿಂತಿತು. ಬಾಯಿ ಮಾತ್ರ ನಿಲ್ಲಲಿಲ್ಲ.

"ಮೊಣಕೈ ಬಿಗಿ ಮಾಡ್ಬಾರದಿತ್ತು ನೀನು," ಎಂದ ರಾಯ್ಸ್.

"ಬಿಗಿ ಮಾಡ್ದೇ ಇದ್ದಿದ್ಕೇ ಹೀಗಾಯ್ತು. ನೋಡಿಲ್ಲಿ," ಎಂದು ಗಾರ್ತ್ ಫೋನು ತಿರುಗಿಸಿ ತೋರಿಸಿದ.

ಗಾರ್ತ್ ತನ್ನ ಗಾಡಿಯಲ್ಲಿ ಹೋದ. ರಾಯ್ಸ್ ಅವಳನ್ನು ತನ್ನ ಟ್ರಕ್ಕಿನಲ್ಲಿ ಆಸ್ಪತ್ರೆಗೆ ಹೊರಡಿಸಿದ. ಹಿಂಬದಿಯಲ್ಲಿದ್ದ ಪ್ಲಾಸ್ಟಿಕ್ ತೊಟ್ಟಿಯಿಂದ ನಾತ ಹೊಡೆಯುತ್ತಿತ್ತು. "ನಾನೂರ ಐವತ್ನಾಲ್ಕು ನಿಂಗೆ ಸರಿಹೋಗ್ಬಹುದು, ಗಾರ್ತ್ ಹೇಳಿದ್ರಲ್ಲೂ ಏನೋ ಇದೆ," ಎನ್ನುತ್ತ ರಾಯ್ಸ್ ನದಿಯ ಬಳಿ ಟ್ರಕ್ ನಿಲ್ಲಿಸಿದ. ಅವಳು ದಿನಾ ನಡೆಯುವ ಕಾಲುದಾರಿ ಶುರುವಾಗುವುದು ಅಲ್ಲೇ.

"ಒಂದ್ನಿಮಿಷ. ಈ ನಾತ ತಡೆಯಕ್ಕಾಗ್ತಿಲ್ಲ," ಎಂದ.

ತೊಟ್ಟಿ ಇಳಿಸಿಕೊಂಡು, ಕಾಲುದಾರಿಯ ಪಕ್ಕದ ಪೊದೆಯೊಳಗೆ ಬಗ್ಗಿಸಿದ. ಅವನು ಹಿಡಿದು ಕುಯ್ದ ಸಾಲ್ಮನ್‌ಗಳ ತಲೆ, ಕರುಳು, ಮೂಳೆ ದಬದಬನೆ ಬಿದ್ದವು. ಅವುಗಳ ಕೆಳಗೆ ಹಿಂದಿನ ವಾರಗಳ ತಲೆಗಳು ಹುಳ ಹಿಡಿದು ಬಿದ್ದಿದ್ದವು. ಸುತ್ತಲಿನ ಕೆಸರಿನಲ್ಲಿ ಅಗಲ ಪಂಜದ ಗುರುತುಗಳು. ಮೀನಿನ ಕಸವನ್ನು ಸಣ್ಣಗೆ ಕೊಚ್ಚಿ ನಡುನೀರಿನ ಸೆಳವಿಗೆ ಎಸೆಯಬೇಕು, ದಡದಲ್ಲಿ ಬಿಟ್ಟರೆ ಕರಡಿ ಬರುತ್ತದೆ ಎಂಬುದು ಆ ನದಿಯಲ್ಲಿ ಗಾಳ ಹಾಕುವ ಎಲ್ಲರಿಗೂ ಗೊತ್ತು. ರಾಯ್ಸ್‌ಗೂ ಗೊತ್ತು.

ನೆಡ್ರಾ ಎಡಗೈಯಲ್ಲಿ ಬಾಗಿಲು ತೆಗೆದು ಇಳಿದಳು.

"ಯಾವಾಗ್ಲಿಂದ ಇಲ್ಲಿ ಸುರೀತಿದ್ದೀಯ?"

"ಮೀನು ಶುರುವಾದಾಗ್ಲಿಂದ. ಕೊಚ್ಚಿ ನೀರಿನವರೆಗೂ ಯಾರು ಹೊತ್ಕೊಂಡು ಹೋಗ್ತಾರೆ?" ಎಂದು ಅವನು ಹಲ್ಲು ಕಿರಿದ. "ಅದಿರ್ಲಿ, ಬೇಗ ಒಂದು ಗನ್ ತಗೊಂಡ್ಬಿಡು ನೀನು."

"ವಾಪಸ್ ತುಂಬು."

"ಏನು?"

"ಹೊಸದೂ ಹಳೇದೂ, ಎಲ್ಲಾ. ತೊಟ್ಟಿಗೆ ತುಂಬು."

"ಮೊದ್ಲು ಆಸ್ಪತ್ರೆಗೆ ಹೋಗೋಣ ನಡಿ. ಸಲಿಕೆ ಕೂಡ ತಂದಿಲ್ಲ ನಾನು. ಹುಳ ಬಿದ್ದಿದೆ ನೋಡು, ಕೈಯಲ್ಲಿ ಹೇಗೆ ಬಾಚ್ಲಿ?"

"ನಿನಗೆ ಎರಡು ಕೈ ನೆಟ್ಟಗಿದೆಯಲ್ಲ," ಎಂದಳು ನೆಡ್ರಾ. "ಬಾಚು."